ಮಂಜುಗಡ್ಡೆ ಸುಮ್ಮನಾದ ದಿನ

ನನ್ನ ತಂಗಿಗೆ ತಲೆ ಕೆಟ್ಟಿದೆ ಅಂತ ನಾನು ಹೇಳೋದು ತಮಾಷೆಗಲ್ಲ. ಭೂಮಿಯ ಉತ್ತರದ ತುದಿಯಲ್ಲಿ, ಹೆಪ್ಪುಗಟ್ಟಿದ ಸಮುದ್ರದ ಮೇಲೆ ನಿಂತು, ಐಸಿಗೆ ತೂತು ಕೊರೆದು, ಕೆಳಗಿನ ನೀರಿಗೆ ಮೈಕ್ ಇಳಿಬಿಟ್ಟು ಕೇಳೋದು ಅವಳ ಕೆಲಸ. ಕೇಳಿದ್ದನ್ನು ಸೊರಬದಲ್ಲಿರುವ ನಮಗೆ ದಿನಾ ವಾಟ್ಸಾಪಿನಲ್ಲಿ ಕಳಿಸುತ್ತಿದ್ದಳು. ಸೀಲ್ ಅನ್ನೋ ಕಡಲಪ್ರಾಣಿ ಸಿಳ್ಳೆ ಹಾಕೋದು, ಕರಗುವ ಹಿಮದೊಳಗಿನ ಗಾಳಿಗುಳ್ಳೆ ಒಗ್ಗರಣೆಯ ಸಾಸಿವೆಯ ಹಾಗೆ ಚಟಪಟ ಅನ್ನೋದು, ನಡುನಡುವೆ ಐಸೇ ಟಪ್ ಅಂತ ಸಿಡಿಯೋದು.

ಆ ಟಪ್ಪಿಗೆ ಅಮ್ಮನ ಜೀವ ಹಾರಿಹೋಗುತ್ತಿತ್ತು. ಆನವಟ್ಟಿ ಸಂತೆಯಿಂದ ತಂದ ಹೊಸ ಮಣ್ಣಿನ ಗಡಿಗೆಯನ್ನು ಪಳಗಿಸಲು ಗಂಜಿ ತುಂಬಿ, ಸಣ್ಣ ಉರಿಯಲ್ಲಿಟ್ಟು, ಪಕ್ಕದಲ್ಲೇ ಕಿವಿಗೊಟ್ಟು ಕೂರುವವಳು ಅವಳು. ಟಪ್ ಅಂದರೆ ಗಡಿಗೆ ಬಿರುಕು ಬಿಟ್ಟಿತು ಅಂತಲೇ ಅರ್ಥ. “ಒಡೀತಾ ಇದೆ ಕಣೇ, ವಾಪಸ್ ಬರಕ್ಕೆ ಹೇಳು ಅವಳಿಗೆ” ಅಂತ ಊಟ ಅರ್ಧಕ್ಕೇ ಬಿಟ್ಟು ಏಳುತ್ತಿದ್ದಳು.

ತಂಗಿ ನನಗೊಬ್ಬಳಿಗೇ ಬೇರೆ ಮಾತು ಹೇಳಿದ್ದಳು. “ಚಳಿ ಬಿಗಿದ್ರೆ ಐಸು ಸಿಡಿಯುತ್ತೆ ಅಕ್ಕ, ಗಟ್ಟಿ ಇರೋದಕ್ಕೇ ಆ ಸದ್ದು. ಬಿಸಿಲೇರಿ ಮೆತ್ತಗಾದ್ರೆ ಸದ್ದು ನಿಲ್ಲುತ್ತೆ. ಹೆದರ್ಬೇಕಾದ್ದು ಆಗ. ಅಮ್ಮಂಗೆ ಹೇಳ್ಬೇಡ, ಸದ್ದಿದ್ರೂ ಭಯ, ಇಲ್ದಿದ್ರೂ ಭಯ ಆಗೋಗುತ್ತೆ.” ನನ್ನ ಗ್ರಹಚಾರ ನೋಡಿ, ಅಮ್ಮ ಟಪ್ಪಿಗೆ ಬೆಚ್ಚಿದರೆ ನಾನು ಟಪ್ಪಿಗಾಗಿ ಕಾಯುತ್ತಿದ್ದೆ.

ಒಂದು ಮಧ್ಯಾಹ್ನ ಬಂದ ತುಣುಕಿನಲ್ಲಿ ಸಿಳ್ಳೆ ಇತ್ತು, ಚಟಪಟ ಇತ್ತು. ಟಪ್ ಇರಲಿಲ್ಲ. ಕೆಳಗೆ ಬರೆದಿದ್ದಳು: ಮೈಕ್ ಎತ್ತಿ ತರಕ್ಕೆ ಹೋಗ್ತಾ ಇದೀವಿ, ಕೊನೇ ಸಲ.

ಫೋನ್ ಮಾಡಿದೆ, ಸಿಗಲಿಲ್ಲ. ಹಿತ್ತಿಲಿಗೆ ಹೋದೆ, ಬೀದಿಗೆ ಬಂದೆ, ಮತ್ತೆ ಮಾಡಿದೆ. ಹಾಳಾದ್ದು, ರಿಂಗೇ ಆಗುತ್ತಿಲ್ಲ.

ಅಷ್ಟರಲ್ಲಿ ಅಮ್ಮ ಫೋನ್ ಕಿತ್ಕೊಂಡು ಆ ತುಣುಕು ಕೇಳಿದಳು. ಮುಖ ಅರಳಿತು. “ಸದ್ಯ! ಇವತ್ತು ಒಂದೂ ಟಪ್ ಇಲ್ಲ” ಅಂತ ತಟ್ಟೆ ಹಾಕಿದಳು. ಎಷ್ಟೋ ದಿನಗಳ ಮೇಲೆ ಎರಡನೇ ಸಲ ಅನ್ನ ಹಾಕಿಕೊಂಡು ಉಂಡಳು. ನಾನು ತಟ್ಟೆ ಸರಿಸಿ ಮತ್ತೆ ಫೋನ್ ಒತ್ತಿದೆ.

ದೀಪ ಹಚ್ಚುವ ಹೊತ್ತಿಗೆ ತಂಗಿಯ ಫೋನು. “ಅಕ್ಕ, ದಡ ಸೇರಿದ್ವಿ. ಬರೋವಾಗ ಐಸು ಕಾಲ ಕೆಳಗೇ ಕುಸೀತು. ಮೈಕು ನೀರುಪಾಲು.”

“ಸಾಯಕ್ಕೆ ಹೋಗಿದ್ಯೇನೇ ಮುಂಡೇದೇ!” ಅಂತ ಹಲ್ಲು ಕಚ್ಚಿ ಪಿಸುಗುಟ್ಟಿದೆ. ಕಣ್ಣಲ್ಲಿ ನೀರು ದಳದಳ ಇಳಿಯುತ್ತಿತ್ತು.

ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಫೋನ್ ಇಸ್ಕೊಂಡಳು. “ನೋಡು ಮಗಾ, ಇನ್ಮೇಲೆ ಇವತ್ತಿನ ಹಾಗೆ ಸದ್ದಿಲ್ಲದ ದಿನ ನೋಡ್ಕೊಂಡೇ ಅದರ ಮೇಲೆ ಕಾಲಿಡು.”

ಆ ಕಡೆಯಿಂದ ತಂಗಿ, “ಆಯ್ತಮ್ಮ” ಅಂದಳು.