ಗೌರವ್ವನ ಸಾಲಿನಲ್ಲಿ ಕಂಡ ನಂಬರು

ಯಂತ್ರಗಳ ವಿಷಯದಲ್ಲಿ ಪವಾಡ ಎಂಬುದಿಲ್ಲ ಎಂದೇ ನಾನು ನಂಬಿದ್ದವಳು. ಇಪ್ಪತ್ತು ವರ್ಷದಿಂದ ಕಂಪ್ಯೂಟರ್ ಕೆಲಸವೇ ನನಗೆ ಅನ್ನ ಹಾಕಿದೆ. ಫೈಲಿನಲ್ಲಿ ಇದ್ದದ್ದು ಪರದೆಯ ಮೇಲೆ ಬರುತ್ತದೆ, ಇಲ್ಲದ್ದು ಬರುವುದಿಲ್ಲ. ತಪ್ಪಾಗಿ ಬಂದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ, ಪಟ್ಟುಹಿಡಿದು ಹುಡುಕಿದರೆ ಸಿಗುತ್ತದೆ. ಕಾಶಿಗೆ ಬಂದವರು ಹೇಳುವ ವಿಚಿತ್ರ ಕಥೆಗಳಿಗೆಲ್ಲ ಒಳಗೊಳಗೇ ನಗುತ್ತಿದ್ದೆ. ಇದನ್ನು ಬರೆಯಲು ಇಷ್ಟು ದಿನ ಹಿಂಜರಿದದ್ದೂ ಅದಕ್ಕೇ. ನನ್ನಂಥವರು ಓದಿದರೆ ನಗುತ್ತಾರೆ ಎಂದು ನನಗೆ ಗೊತ್ತು.

ನಾನು ಕೆಲಸ ಮಾಡುವುದು ಕಾಶಿಯ ಪಕ್ಕದ ಸಾರನಾಥದ ಒಂದು ಸಂಸ್ಥೆಯಲ್ಲಿ. ರಜೆಯ ದಿನ ಆಟೋ ಹಿಡಿದು ಊರೊಳಗಿನ ಕನ್ನಡದವರ ಮಠಕ್ಕೆ ಹೋಗುತ್ತೇನೆ. ಕೊನೆಗಾಲ ಕಳೆಯಲು ನಮ್ಮ ಕಡೆಯಿಂದ ಬಂದ ಮುದುಕಿಯರು ಅಲ್ಲಿ ಕೆಲವರಿದ್ದಾರೆ. ಅವರ ಹೆಸರು, ಊರು, ಸಂಬಂಧಿಕರ ವಿಳಾಸವನ್ನೆಲ್ಲ ಹಿಂದೊಬ್ಬರು ಗುಮಾಸ್ತರು ಕಂಪ್ಯೂಟರಿಗೆ ಹಾಕಿಟ್ಟಿದ್ದರು. ಕಾಗದದ ಪುಸ್ತಕಗಳು ಒಂದು ವರ್ಷ ಗಂಗೆಯ ನೀರು ನುಗ್ಗಿದಾಗ ಹಾಳಾದವು. ಉಳಿದದ್ದು ಆ ಒಂದು ಫೈಲು. ಅದನ್ನು ತಯಾರಿಸಿದ ತಂತ್ರಾಂಶ ಈಗ ಎಲ್ಲೂ ಸಿಗುವುದಿಲ್ಲ. ಹಾಗಾಗಿ ಅದನ್ನು ಓದಲು ನಾನೇ ಒಂದು ಸಣ್ಣ ಪ್ರೋಗ್ರಾಂ ಬರೆದು ನನ್ನ ಲ್ಯಾಪ್‌ಟಾಪಿನಲ್ಲಿ ಇಟ್ಟುಕೊಂಡಿದ್ದೆ.

ಒಂದು ಮಾಘಮಾಸದ ಬೆಳಿಗ್ಗೆ ಆ ಮುದುಕಿಯರಲ್ಲೊಬ್ಬಳಾದ ಗೌರವ್ವ ಸ್ನಾನಕ್ಕೆ ಹೋಗಿ ಘಾಟಿನ ಮೆಟ್ಟಿಲ ಮೇಲೆ ಬಿದ್ದಳು. ವಿಜಾಪುರದ ಕಡೆಯವಳು, ಎಪ್ಪತ್ತು ದಾಟಿತ್ತು, ಹೆಚ್ಚು ಮಾತಿನವಳಲ್ಲ. ಸೊಂಟದ ಮೂಳೆ ಮುರಿದಿತ್ತು. ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಜ್ವರ ಏರಿ ಪ್ರಜ್ಞೆ ತಪ್ಪಿತ್ತು. ಆಪರೇಷನ್ ಮಾಡಲೇಬೇಕು, ಆದರೆ ಜೀವಕ್ಕೆ ಅಪಾಯವೂ ಇದೆ, ಮನೆಯವರು ಯಾರಾದರೂ ಫೋನಿನಲ್ಲಾದರೂ ಒಪ್ಪಬೇಕು, ಸಂಜೆಯೊಳಗೆ ಹೇಳಿ ಎಂದರು ಡಾಕ್ಟರು.

ಮಠದ ವ್ಯವಸ್ಥಾಪಕ ಶಿವಯ್ಯನವರು ನನಗೆ ಫೋನು ಮಾಡಿದರು. "ತಂಗಿ, ಆಕೀ ಯಾವಾಗ ಕೇಳಿದ್ರೂ ನನಗ್ಯಾರೂ ಇಲ್ಲ ಅಂತಿದ್ಲು. ಆದ್ರ ಬಂದಾಗ ಏನರೆ ಬರಸಿರಬೇಕಲ್ಲ. ಒಮ್ಮೆ ನೋಡ್ತೀಯೇನು?"

ಮಠಕ್ಕೆ ಹೋಗಿ ಲ್ಯಾಪ್‌ಟಾಪು ತೆರೆದೆ. ಪ್ರೋಗ್ರಾಂ ಓಡಲಿಲ್ಲ. ಹಿಂದಿನ ವಾರವಷ್ಟೇ ಸಂಸ್ಥೆಯ ಕೆಲಸಕ್ಕೆಂದು ಫೈಲುಗಳನ್ನು ಓದಿಕೊಡುವ ಲೈಬ್ರರಿಯನ್ನು ಹೊಸ ಆವೃತ್ತಿಗೆ ಏರಿಸಿದ್ದೆ. ಲೈಬ್ರರಿ ಎಂದರೆ ಬೇರೆಯವರು ಬರೆದಿಟ್ಟ ಸಿದ್ಧ ತಂತ್ರಾಂಶ, ನಮ್ಮ ಪ್ರೋಗ್ರಾಂ ಅದನ್ನೇ ನೆಚ್ಚಿಕೊಂಡಿರುತ್ತದೆ. ಹೊಸ ಆವೃತ್ತಿಗೆ ಈ ಹಳೆಯ ಫೈಲಿನ ಬಗೆಯೇ ತಿಳಿಯದು. ಮೊದಲು ಅಕ್ಷರ ಗುರುತಿಸಲಾಗಲಿಲ್ಲ ಎಂದಿತು. ಅದನ್ನು ಸರಿಪಡಿಸಿದರೆ ಕಾಲಮ್ಮುಗಳ ಲೆಕ್ಕ ಹೊಂದುತ್ತಿಲ್ಲ ಎಂದಿತು. ಹಳೆಯ ಆವೃತ್ತಿಗೆ ಮರಳೋಣವೆಂದರೆ ಮಠದ ಇಂಟರ್ನೆಟ್ ಬೆಳಿಗ್ಗೆಯಿಂದ ಸತ್ತಿತ್ತು. ಮೊಬೈಲಿನಿಂದ ಇಳಿಸಲು ಹೋದರೆ ಪ್ರತಿ ಸಲವೂ ಅರ್ಧಕ್ಕೆ ನಿಲ್ಲುತ್ತಿತ್ತು.

ಬಿಡುವವಳು ನಾನಲ್ಲ. ಊಟಕ್ಕೆ ಕರೆದರೂ ಏಳಲಿಲ್ಲ. ಒಂದೊಂದೇ ಸೆಟ್ಟಿಂಗ್ ಬದಲಿಸುವುದು, ಓಡಿಸುವುದು, ಏನು ಬದಲಿಸಿದೆನೆಂದು ಚೀಟಿಯಲ್ಲಿ ಬರೆದುಕೊಳ್ಳುವುದು. ಹದಿನಾಲ್ಕನೆಯ ಸಲ, ತಪ್ಪು ಕಂಡಲ್ಲಿ ನಿಲ್ಲದೆ ಮುಂದೆ ಹೋಗು ಎಂದು ಹೇಳಿ ಓಡಿಸಿದೆ. ಪರದೆಯ ತುಂಬ ಖಾಲಿ ಚೌಕಗಳು ಸುರಿದವು. ಒಂದು ಅಕ್ಷರವೂ ಓದುವಂತಿರಲಿಲ್ಲ. ಮೇಲಕ್ಕೆ ಸರಿಸುತ್ತಾ ಹೋದಾಗ ನಡುವೆ ಒಂದೇ ಒಂದು ಸಾಲು ಶುದ್ಧ ಕನ್ನಡದಲ್ಲಿತ್ತು. ಗೌರವ್ವನ ಹೆಸರು, ಇಂಡಿ ತಾಲ್ಲೂಕಿನ ಒಂದು ಹಳ್ಳಿ, ಮುಂದೆ 'ರುದ್ರವ್ವ, ತಂಗಿಯ ಮಗಳು', ಕೊನೆಗೆ ಹತ್ತಂಕಿಯ ಮೊಬೈಲ್ ನಂಬರು.

ನಾನೊಬ್ಬಳೇ ಕಂಡದ್ದಲ್ಲ. ಪಕ್ಕದಲ್ಲಿ ನಿಂತಿದ್ದ ಶಿವಯ್ಯನವರು ಕನ್ನಡಕ ಏರಿಸಿ ಆ ಸಾಲನ್ನು ಗಟ್ಟಿಯಾಗಿ ಓದಿದರು. ನಾನು ನಂಬರನ್ನು ಬರೆದುಕೊಂಡು ಅಲ್ಲಿಂದಲೇ ಫೋನು ಮಾಡಿದೆ.

ಎತ್ತಿದವಳು ರುದ್ರವ್ವನೇ. ಕಾಶಿಯಿಂದ ಮಾತಾಡುತ್ತಿದ್ದೇನೆ, ಗೌರವ್ವನ ವಿಷಯ ಎಂದೆ. ಅವಳು ಮೆಲ್ಲಗೆ ಕೇಳಿದಳು, "ನಮ್ಮ ದೊಡ್ಡವ್ವ ಇನ್ನೂ ಅದಾಳೇನ್ರಿ?"

ಅವಳು ಆಪರೇಷನ್ನಿಗೆ ಒಪ್ಪಿದಳು, ಆ ಮಾತನ್ನು ನಾನೇ ಹಿಂದಿಯಲ್ಲಿ ಡಾಕ್ಟರಿಗೆ ಮುಟ್ಟಿಸಿದೆ. ಮರುದಿನ ಆಪರೇಷನ್ ಆಯಿತು. ರೈಲು ಹಿಡಿದು ರುದ್ರವ್ವ ಬರುವಷ್ಟರಲ್ಲಿ ಗೌರವ್ವ ಕಣ್ಣು ಬಿಟ್ಟಿದ್ದಳು. ತಂಗಿಯೊಡನೆ ಮಾತಿಗೆ ಮಾತು ಬೆಳೆದು, ನಿನ್ನ ಪಾಲಿಗೆ ನಾನು ಸತ್ತೆ ಎಂದು ಹೊಸ್ತಿಲು ದಾಟಿ ಕಾಶಿಗೆ ಬಂದಿದ್ದಳಂತೆ ಗೌರವ್ವ, ರುದ್ರವ್ವ ಹೇಳಿದಳು. ತಂಗಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಆ ಸುದ್ದಿ ಕೇಳಿ ಗೌರವ್ವ ಗೋಡೆಯ ಕಡೆ ಮುಖ ತಿರುಗಿಸಿಕೊಂಡು ಬಹಳ ಹೊತ್ತು ಮಲಗಿದ್ದಳು. ಆದರೆ ರುದ್ರವ್ವನ ಕೈ ಬಿಡಲಿಲ್ಲ.

ಇಷ್ಟೇ ಆಗಿದ್ದರೆ ಇದರಲ್ಲಿ ಬರೆಯುವಂಥದ್ದೇನೂ ಇರಲಿಲ್ಲ. ಆ ವಾರ ಸಂಸ್ಥೆಯಲ್ಲಿ ಕೂತು ಲೈಬ್ರರಿಯ ಹಳೆಯ ಆವೃತ್ತಿ ಹಾಕಿ ಫೈಲನ್ನು ಓದಿಸಿದೆ. ಎಲ್ಲ ಸಾಲುಗಳೂ ಸ್ಫುಟವಾಗಿ ಬಂದವು. ಗೌರವ್ವನ ಸಾಲಿನಲ್ಲಿ ಸಂಬಂಧಿಕರ ಜಾಗದಲ್ಲಿ 'ಯಾರೂ ಇಲ್ಲ' ಎಂದಿತ್ತು. ನಂಬರಿನ ಜಾಗ ಖಾಲಿ.

ಕಾಲಮ್ಮು ಸರಿದು ಬೇರೆ ಯಾರದೋ ನಂಬರು ಇಲ್ಲಿ ಬಂದಿರಬೇಕು ಎಂದುಕೊಂಡು ಇಡೀ ಫೈಲಿನಲ್ಲಿ ಆ ನಂಬರನ್ನು ಹುಡುಕಿದೆ, ಇರಲಿಲ್ಲ. ರುದ್ರವ್ವ ಎಂಬ ಹೆಸರೂ ಎಲ್ಲೂ ಇರಲಿಲ್ಲ. ಗುಮಾಸ್ತರ ಹಳೆಯ ಪೆನ್‌ಡ್ರೈವಿನಲ್ಲಿದ್ದ ಪ್ರತಿಯನ್ನು ಒಂದೊಂದು ಬೈಟೂ ಹೋಲಿಸಿದೆ, ಎರಡೂ ಒಂದೇ. ನನ್ನ ಲ್ಯಾಪ್‌ಟಾಪಿನ ಬೇರೆ ಫೈಲುಗಳನ್ನೂ ಜಾಲಾಡಿದೆ. ಸಹೋದ್ಯೋಗಿಯೊಬ್ಬರು, ಶಿವಯ್ಯನವರಿಗೆ ಮೊದಲೇ ಗೊತ್ತಿದ್ದಿರಬಹುದು ಎಂದರು. ಗೊತ್ತಿದ್ದರೆ ಅವರು ನನ್ನನ್ನೇಕೆ ಕರೆಯುತ್ತಿದ್ದರು?

ಕೊನೆಗೆ ಗೌರವ್ವನನ್ನೇ ಕೇಳಿದೆ. "ನಾ ಯಾರಿಗೂ ಕೊಟ್ಟಿಲ್ಲವ್ವಾ," ಎಂದಳು. "ನನಗಽ ಗೊತ್ತಿಲ್ಲಂದ್ರ ಎಲ್ಲಿಂದ ಕೊಡ್ಲಿ?"

ರುದ್ರವ್ವ ಪಕ್ಕದಲ್ಲೇ ಕೂತಿದ್ದಳು. ಅವಳು ಹೇಳಿದ್ದನ್ನು ಕೇಳಿ ನಾನು ಹುಡುಕುವುದನ್ನು ನಿಲ್ಲಿಸಬೇಕಾಗಿತ್ತು. "ಅಕ್ಕಾರ, ಆ ಸಿಮ್ಮು ನಾ ತಗೊಂಡು ಎಂಟು ತಿಂಗಳ ಆಗೇತಿ ಅಷ್ಟಽ." ಆ ಫೈಲನ್ನು ಕೊನೆಯ ಸಲ ಯಾರೋ ತಿದ್ದಿ ಆರು ವರ್ಷವಾಗಿತ್ತು.

ಆದರೂ ನಾನು ನಿಲ್ಲಿಸಿಲ್ಲ. ಚೀಟಿಯಲ್ಲಿ ಬರೆದುಕೊಂಡ ಅದೇ ಸೆಟ್ಟಿಂಗು, ಲೈಬ್ರರಿಯ ಅದೇ ಆವೃತ್ತಿ, ಅದೇ ಲ್ಯಾಪ್‌ಟಾಪು ಇಟ್ಟುಕೊಂಡು ಎಷ್ಟು ಸಲ ಓಡಿಸಿದ್ದೇನೋ ಲೆಕ್ಕವಿಲ್ಲ. ಮೊನ್ನೆಯೂ ಓಡಿಸಿದೆ. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಬರೀ ಚೌಕಗಳು.