ಹದಿನಾರು ಕೋರಿಗೆ ಒಬ್ಬ ತಾಂಡೇಲ

ಅವರ ಬಲಗೈಯ ನಡುಬೆರಳಿಗೆ ತುದಿಯಿರಲಿಲ್ಲ. ಹಂಗಾರಕಟ್ಟೆಯಲ್ಲಿ ಬೋಟಿನ ಇಂಜಿನ್ ಮೆಕ್ಯಾನಿಕ್ ಆಗಿದ್ದಾಗ ಬೆಲ್ಟಿಗೆ ಸಿಕ್ಕಿ ಹೋದದ್ದಂತೆ. ಕೋಟೇಶ್ವರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಹಾಕಿದ ಮೇಲೆ ಆ ಮೋಟು ಬೆರಳೇ ಅವರ ಮೊದಲ ಸಲಕರಣೆ. ಯಾರು ಯಾವ ಯಂತ್ರ ತಂದರೂ ಚಾಲೂ ಮಾಡಿ, ಸ್ಕ್ರೂ ಬಿಚ್ಚುವ ಮೊದಲು ಆ ಬೆರಳನ್ನು ಅದರ ನೆತ್ತಿಗೆ ಒತ್ತಿ, ಮಗುವಿನ ಜ್ವರ ನೋಡುವ ಹಾಗೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ನಾವೆಲ್ಲ ಅವರನ್ನು ರಿಪೇರಿ ಮಾಮ ಎನ್ನುತ್ತಿದ್ದೆವು.

ನಾನು ಬೀಜಾಡಿಯವಳು. ಅಪ್ಪನಿಗೆ ಬೋಟು, ಅಮ್ಮನಿಗೆ ಮೀನಿನ ವ್ಯಾಪಾರ, ನನಗೆ ಕಂಪ್ಯೂಟರ್ ಗೇಮಿನ ಹುಚ್ಚು. ಮದುವೆಯ ವಯಸ್ಸಿನ ಹೆಣ್ಣು ಗುಂಡು ಹಾರಿಸುವ ಆಟ ಆಡುತ್ತಾಳೆಂದು ಊರವರು ಆಡಿಕೊಂಡರೆ ಆಡಿಕೊಳ್ಳಲಿ, ನನಗೇನು! ನಮ್ಮದು ಐದು ಹುಡುಗಿಯರ ತಂಡ. ಹತ್ತು ದಿನದ ಆನ್‌ಲೈನ್ ಪಂದ್ಯಾವಳಿ ಹತ್ತಿರ ಬಂದಿತ್ತು. ಆದರೆ ಜೋರು ಹೊಡೆದಾಟದ ನಡುವೆಯೇ ನನ್ನ ಪರದೆ ಗಕ್ಕನೆ ನಿಂತುಬಿಡುತ್ತಿತ್ತು. ಬ್ರಹ್ಮಾವರದಲ್ಲಿದ್ದ ತಂಡದ ನಾಯಕಿ ಖಡಾಖಂಡಿತವಾಗಿ ಹೇಳಿಬಿಟ್ಟಳು: "ಇನ್ನೊಂದ್ ಸಲ ನಿಂತ್ರೆ ನಿನ್ ಜಾಗಕ್ಕೆ ಬೇರೆಯವಳನ್ನ್ ಹಾಕ್ತೆ, ಬೇಜಾರ್ ಮಾಡ್ಕಣ್ಬೇಡ."

ನಮ್ಮ ಮನೆಯಲ್ಲಿ ಎಲ್ಲ ರೋಗಕ್ಕೂ ಒಂದೇ ಮದ್ದು, ಇಂಜಿನ್ ದೊಡ್ಡದು ಮಾಡುವುದು. ಬೋಟು ಹಿಂದೆ ಬಿತ್ತೆಂದರೆ ಅಪ್ಪ ಬಲೆ ನೋಡುವುದಿಲ್ಲ, ಹಲಗೆ ನೋಡುವುದಿಲ್ಲ, ಹೆಚ್ಚು ಸಿಲಿಂಡರಿನ ಇಂಜಿನ್ ಹುಡುಕುತ್ತಾರೆ. ಅವರ ಮಗಳಲ್ಲವೇ ನಾನು? ಸೀದಾ ಮಾಮನ ಅಂಗಡಿಗೆ ಹೋಗಿ ಹದಿನಾರು ಕೋರಿನ, ಅಂದರೆ ಹದಿನಾರು ಸಿಲಿಂಡರಿದ್ದ ಹಾಗಿನ, ಪ್ರೊಸೆಸರ್ ತರಿಸಿಕೊಡಿ ಎಂದೆ.

"ಎಂತಕ್ಕೆ?"

"ಆಟಕ್ಕೆ."

"ಬ್ಯಾಡ. ಮೊದ್ಲ್ ನಿನ್ ಕಂಪ್ಯೂಟರ್ ಪೆಟ್ಟಿಗೆ ತಕಂಡ್ ಬಾ, ಕಾಂಬ."

ಬಾಗಿಲಿಗೆ ಬಂದ ವ್ಯಾಪಾರವನ್ನು ಬೇಡ ಎನ್ನುವವರುಂಟೇ? ನನಗೆ ಮೈಯೆಲ್ಲ ಉರಿಯಿತು. ಬೇಡದಿದ್ದರೆ ಬಿಡಿ ಎಂದು ಮನೆಗೆ ಬಂದವಳೇ, ಕೂಡಿಟ್ಟದ್ದನ್ನೆಲ್ಲ ಸುರಿದು ಆನ್‌ಲೈನಿನಲ್ಲಿ ತರಿಸಿದೆ. ಅದಕ್ಕೆ ಹೊಂದುವ ಹೊಸ ಬೋರ್ಡೂ ಬಂತು. ನಾನೇ ಜೋಡಿಸಿ, ದೇವರಿಗೆ ಕೈ ಮುಗಿದು ಆಟ ಶುರು ಮಾಡಿದೆ. ಮೊದಲ ಹೊಡೆದಾಟದಲ್ಲೇ ಪರದೆ ಗಕ್ಕೆಂದಿತು. ಮತ್ತೆ ಮತ್ತೆ ಚಾಲೂ ಮಾಡಿದೆ, ಮತ್ತೆ ಮತ್ತೆ ನಿಂತಿತು. ಪ್ರೊಸೆಸರಿನ ಡಬ್ಬಿ ಒಡೆದಾಗಿತ್ತು, ಮಾರಿದವರು ವಾಪಸು ತೆಗೆದುಕೊಳ್ಳುವುದಿಲ್ಲ ಎಂದರು. ಪಂದ್ಯಕ್ಕೆ ಉಳಿದದ್ದು ಒಂದೇ ದಿನ.

ಉಪ್ಪುಗಾಳಿ ತಾಗದಿರಲೆಂದು ಅಮ್ಮ ಬೈರಾಸು ಟವೆಲಿನಲ್ಲಿ ಸುತ್ತಿಟ್ಟಿದ್ದ ಯಂತ್ರವನ್ನು ಸ್ಕೂಟರಿನಲ್ಲಿಟ್ಟುಕೊಂಡು, ಮುಖ ಸಣ್ಣ ಮಾಡಿಕೊಂಡು ಮಾಮನ ಮುಂದೆ ನಿಂತೆ. ಬೈಗುಳಕ್ಕೆ ತಯಾರಾಗಿಯೇ ಹೋಗಿದ್ದೆ. ಅವರು ಬೆರಳು ಒತ್ತಿದರು, ಕಣ್ಣು ಮುಚ್ಚಿದರು. ಆಮೇಲೆ ಆಟ ಹಾಕಿಸಿ, ಕೋರುಗಳ ಕೆಲಸ ತೋರಿಸುವ ಕಿಟಕಿಯನ್ನು ಪಕ್ಕದಲ್ಲಿ ತೆರೆದರು. ಪರದೆ ತುಂಬ ಪುಟ್ಟ ಪುಟ್ಟ ಚೌಕ. ಕುಣಿಯುತ್ತಿದ್ದದ್ದು ಎರಡೋ ಮೂರೋ. ಮಿಕ್ಕವು ತಣ್ಣಗೆ ಮಲಗಿದ್ದವು.

"ಕಾಣ್ ಹೆಣೆ," ಎಂದರು. "ಬೋಟಿಗೆ ಹದಿನಾರ್ ಜನ ಹತ್ತಿದ್ರೂ ಚುಕ್ಕಾಣಿ ಹಿಡುದ್ ಒಬ್ಬ ತಾಂಡೇಲ. ನಿನ್ ಆಟದ ಚುಕ್ಕಾಣಿ ಎರಡ್ ಮೂರ್ ಕೋರಿನ್ ಕೈಯಂಗೆ ಇತ್ತ್. ಉಳ್ದವ್ರ್ ಬೀಡಿ ಸೇದ್ಕಂಡ್ ಕೂತಿರ್. ವಿಡಿಯೋ ಎಡಿಟ್ ಮಾಡುವವ್ರಿಗಾದ್ರೆ ಹದಿನಾರೂ ಜನ ಬಲೆ ಎಳಿತ್ರ್. ನಿಂಗೆ ಎಂತಕ್ಕೆ? ನಿನ್ ಹಳೇ ತಾಂಡೇಲನೂ ಸಮಾ ಇದ್ದ. ಮುದ್ಕ ಆದ್ದ್ ಚಿತ್ರ ಬಿಡ್ಸು ಕಾರ್ಡ್."

ಅಯ್ಯೋ! ಹಳೇ ಪ್ರೊಸೆಸರೇ ಸಾಕಿತ್ತೇ? ನಾಲ್ಕು ದಿನ ಮೊದಲು ಪೆಟ್ಟಿಗೆ ಇಲ್ಲಿಗೆ ತಂದಿದ್ದರೆ ಮುಗಿಯುತ್ತಿತ್ತೇ? ನನಗೆ ಅಳು ಬಂದೇ ಬಿಟ್ಟಿತು. ಹೊಸ ಗ್ರಾಫಿಕ್ಸ್ ಕಾರ್ಡಿಗೆ ಕೈಯಲ್ಲಿ ಕಾಸಿರಲಿಲ್ಲ.

ಮಾಮ ಎದ್ದು ಅಂಗಡಿಯ ಹಿಂದಿನ ತಮ್ಮ ಮನೆಗೆ ಹೋದರು. ಬರುವಾಗ ಕೈಯಲ್ಲೊಂದು ಕಾರ್ಡಿತ್ತು. ನನ್ನ ಯಂತ್ರಕ್ಕೆ ಅದನ್ನು ಕೂರಿಸುತ್ತ ಹೇಳಿದರು: "ಸುಮ್ನೆ ಬಿದ್ದ್ಕಂಡಿತ್ತ್. ಆಟ ಮುಗ್ದ್ ಮೇಲೆ ತಂದ್ ಕೊಡ್. ಗೆಲ್ಲುದ್ ಸೋಲುದ್ ನಿನ್ ಕೈಯಂಗೆ ಇತ್ತ್. ನಡು ನೀರಂಗೆ ಮಾತ್ರ ನಿಲ್ಲುಕಾಗ."

ಹತ್ತು ದಿನ ಆಡಿದೆ. ತಂಡ ಕೊನೆಯ ಸುತ್ತಿನವರೆಗೆ ಹೋಗಿ ಸೋತಿತು. ಸೋತದ್ದು ನಮ್ಮ ಕೈಯಿಂದ, ಯಂತ್ರದ ತಪ್ಪಲ್ಲ. ನಾಯಕಿ ಮುಂದಿನ ವರ್ಷಕ್ಕೂ ನನ್ನ ಹೆಸರು ಬರೆದುಕೊಂಡಳು.

ನಮ್ಮಲ್ಲಿ ಉಪಕಾರ ಮಾಡಿದವರ ಮನೆಗೆ ಬರಿಗೈಯಲ್ಲಿ ಹೋಗುವುದಿಲ್ಲ. ಅಪ್ಪ ಅಂದಿನ ಮೀನಿನಲ್ಲಿ ಎರಡು ಒಳ್ಳೆಯ ಅಂಜಲ್ ಆರಿಸಿ ಕೊಟ್ಟರು. ಬೈರಾಸಿನಲ್ಲಿ ಸುತ್ತಿದ ಕಾರ್ಡು, ಚೀಲದಲ್ಲಿ ಮೀನು, ಹಾಡು ಗುನುಗುತ್ತ ಹೋದೆ. ಅಂಗಡಿಯ ಶಟರ್ ಇಳಿದಿತ್ತು. ಪಕ್ಕದ ಟೈಲರ್ ಹೊರಗೆ ಬಂದು ನನ್ನ ಕೈಯ ಚೀಲ ನೋಡಿದರು.

"ಹ್ವಾಯ್, ನಿಂಗೆ ಗೊತ್ತಿಲ್ಯಾ? ಅವ್ರ್ ಮೊನ್ನೆ ಹೋದ್ರಲೆ. ಎದೆನೋವ್ ಅಂದ್ರ್, ಆಸ್ಪತ್ರಿಗೆ ಮುಟ್ಲಿಲ್ಲೆ."

ಸೂತಕದ ಮನೆಗೆ ಮೀನು ಹಿಡಿದುಕೊಂಡು ಬಂದಿದ್ದೆ! ಚೀಲವನ್ನು ಟೈಲರರ ಕೈಗೆ ತುರುಕಿ, ಕಾರ್ಡನ್ನು ಎದೆಗೊತ್ತಿಕೊಂಡು ಹಿಂದಿನ ಮನೆಯೊಳಗೆ ಹೋದೆ. ಮಸ್ಕತ್ತಿನಲ್ಲಿ ನರ್ಸ್ ಆಗಿರುವ ಅವರ ಮಗಳು ಬಂದಿದ್ದಳು. ಮೂಲೆಯ ಮೇಜಿನ ಮೇಲೆ ಮಾಮನ ಕಂಪ್ಯೂಟರು. ಅದರ ಪಕ್ಕದ ತಗಡು ತೆರೆದೇ ಇತ್ತು. ಕಾರ್ಡ್ ಕೂರುವ ಜಾಗ ಖಾಲಿ.

ಸುಮ್ಮನೆ ಬಿದ್ದಿದ್ದ ಕಾರ್ಡಲ್ಲ ಅದು.

"ಬೀಜಾಡಿ ಗೇಮಿನವ್ರ್ ನೀವೇಯಾ?" ಎಂದಳು ಮಗಳು. "ಅಪ್ಪ ಹೇಳಿರ್. ದಿನಾ ಸಂಜಿ ಐದ್ ಗಂಟಿಗೆ ನಾವಿಬ್ರೂ ಆನ್‌ಲೈನಂಗೆ ಆಟ ಆಡ್ತಿದ್ದಿತ್. ಫೋನಂಗೆ ಅಪ್ಪಂಗೆ ಮಾತೇ ಬತ್ತಿಲ್ಲೆ. ಊಟ ಆಯ್ತಾ ಅಂಬ್ರ್, ಫೋನ್ ಇಡ್ತೆ ಅಂಬ್ರ್. ಆಟದಂಗೆ ಮಾತ್ರ ನಗಾಡ್ತ್ರ್, ಬೈತ್ರ್, ಎಲ್ಲಾ ಹೇಳ್ತ್ರ್. ಕಡೀ ಹತ್ತ್ ದಿನ ಆಟಕ್ಕೆ ಬರ್ಲಿಲ್ಲೆ."

ದೇವರೇ, ಆ ಹತ್ತು ಸಂಜೆ ನನ್ನ ಹತ್ತಿರ ಇದ್ದವು. ಒಬ್ಬ ತಂದೆ ತನ್ನ ಮಗಳೊಡನೆ ಆಡಬೇಕಾಗಿದ್ದ ಕೊನೆಯ ಮಾತುಗಳನ್ನು ನಾನು ಗುಂಡು ಹಾರಿಸಿ ಮುಗಿಸಿದ್ದೆ. ಅವಳ ಕಾಲು ಹಿಡಿಯಲು ಬಗ್ಗಿದೆ. ಅವಳು ನನ್ನ ತೋಳು ಹಿಡಿದಳು.

"ಕಡೀ ಫೋನಂಗೆ ಒಂದ್ ಮಾತ್ ಜಾಸ್ತಿ ಹೇಳ್ದ್ರ್. ಆ ಹೆಣ್ಣಿನ್ ಆಟ ನಡುವಂಗೆ ನಿಂತಿತೋ ಎಂತದೋ, ಕೇಳ್ಕ್ ಅಂದ್ರ್." ನನ್ನ ಮುಖ ನೋಡಿ ಕೇಳಿದಳು: "ನಿಂತಿತಾ?"

"ಇಲ್ಲೆ," ಎಂದೆ. "ಒಂದ್ ಸಲವೂ ನಿಲ್ಲಲಿಲ್ಲೆ."

ಕಾರ್ಡನ್ನು ಆ ಖಾಲಿ ಜಾಗಕ್ಕೆ ನಾನೇ ಕೂರಿಸಿದೆ. ಎರಡು ಸಲ ತಪ್ಪಿ ಮೂರನೆಯ ಸಲ ಕೂತಿತು. ಯಂತ್ರ ಚಾಲೂ ಆಗಿ ಫ್ಯಾನ್ ತಿರುಗತೊಡಗಿತು. ಮಗಳು ಹತ್ತಿರ ಬಂದು ತನ್ನ ನಡುಬೆರಳನ್ನು ಅದರ ನೆತ್ತಿಗೆ ಒತ್ತಿ, ಕಣ್ಣು ಮುಚ್ಚಿ ನಿಂತಳು.