ಖಾಲಿ ಮನೆಗೆ ದೀಪ ಹಚ್ಚುವವನು

ಆ ದಿನ ನಾವಿಬ್ಬರೂ ಹೊಸಪೇಟೆಯ ಮನೆಗೆ ಸುಣ್ಣ ಹೊಡೆದದ್ದನ್ನು ನೋಡಲು ಹೋಗಿದ್ದೆವು. ಕಂಪ್ಲಿಯಿಂದ ಬೆಳಗಿನ ಮೋಟಾರಿಗೆ ಹೋಗಿ ಸಂಜೆಯ ಮೋಟಾರಿಗೆ ಬರುವುದೆಂದು ಗೊತ್ತುಮಾಡಿಕೊಂಡಿದ್ದೆವು. ಆ ಮನೆ ನಾವು ಇರುವುದಕ್ಕೆ ಕೊಂಡದ್ದಲ್ಲ. ನಾನು ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಗುಮಾಸ್ತ. ಕೈಕಾಲು ಸೋತ ಮೇಲೆ ಬಾಡಿಗೆ ಬರಲಿ ಎಂದು ಹೊಸಪೇಟೆ ಸ್ಟೇಷನ್ನಿನ ಹತ್ತಿರ ಒಂದು ಸಣ್ಣ ಮಾಳಿಗೆ ಮನೆ ಕೊಂಡಿದ್ದೆವು. ಮಕ್ಕಳಿಲ್ಲದವರಿಗೆ ಬಾಡಿಗೆಯೇ ಮಗ ಎಂದು ನನ್ನ ಹೆಂಡತಿ ಹೇಳುತ್ತಿದ್ದಳು.

ಅವಳು ಗೋಡೆಯನ್ನು ಬೆರಳಿನಿಂದ ಒರೆಸಿ ನೋಡಿದಳು.

"ಇದು ಸುಣ್ಣ ಹೊಡದದ್ದಲ್ಲ, ಸುಣ್ಣ ತೋರ್ಸಿದ್ದು" ಎಂದಳು.

ಆಮೇಲೆ ಚೀಲದಿಂದ ಒಂದು ಹಿತ್ತಾಳೆ ದೀಪ ತೆಗೆದಳು. ಕಡ್ಡಿರಾಂಪುರದ ತವರಿನಿಂದ ಬಂದ ದೀಪ. ಅವಳು ಚಿಕ್ಕವಳಿದ್ದಾಗ ಕೈಜಾರಿ ಬಿದ್ದು ಅದರ ತುಟಿ ಒಂದು ಕಡೆ ನೆಗ್ಗಿತ್ತು. ಅದನ್ನು ಗೋಡೆಯ ಗೂಡಿನಲ್ಲಿಟ್ಟು, ಹಗಲಾಗಿದ್ದರೂ ಹಚ್ಚಿದಳು. ಬಾಡಿಗೆಯವರು ಬರುವತನಕ ಖಾಲಿ ಮನೆ ಸಂಜೆಯ ಹೊತ್ತು ಕತ್ತಲಿರಬಾರದು ಎನ್ನುವುದು ನಮ್ಮ ಕಡೆಯ ನಡೆ. ಗೂಡ್ಸ್ ಶೆಡ್ಡಿನಲ್ಲಿ ಮೂಟೆ ಹೊರುವ ಒಬ್ಬ ನಮ್ಮ ಗೋಡೆಯ ನೆರಳಿನಲ್ಲಿ ಕೂತಿದ್ದ. ಅವನನ್ನು ಕರೆದಳು.

"ದಿನಾ ಸಂಜಿಗೆ ದೀಪ ಹಚ್ಚಿ ಹೋಗ್ತಿಯೇನಪ್ಪಾ?"

"ಹಚ್ತೀನ್ರಿ ಅವ್ವಾರ."

ಅವನ ಕೈಗೆ ಬೀಗದ ಕೈಯನ್ನೂ ಎಣ್ಣೆ ಬಾಟ್ಲಿಯನ್ನೂ ಕೊಟ್ಟಳು. ನಾನು ಆಗ ಮಾಳಿಗೆಯ ಮೇಲೆ ನಿಂತು ಮಳೆನೀರು ಯಾವ ಕಡೆ ಹರಿಯುತ್ತದೆಂದು ನೋಡುತ್ತಿದ್ದೆ. ಬರುವಾಗ ಮೋಟಾರಿನಲ್ಲಿ ಅವಳು ಮಂಡಕ್ಕಿ ತಿಂದಳು. ಅರ್ಧ ದಾರಿಗೆ ನಿದ್ದೆ ಹೋದಳು. ಆ ದಿನ ಆದದ್ದು ಇಷ್ಟೇ. ಮರುದಿನ ಅವಳಿಗೆ ಜ್ವರ ಬಂತು. ಮುಂದಿನ ಅಮಾವಾಸ್ಯೆಯ ಹೊತ್ತಿಗೆ ಅವಳಿರಲಿಲ್ಲ.

ಹಂಪಿಗೆ ಕೊಟ್ಟಿದ್ದ ನನ್ನ ಅಕ್ಕ ಬಂದು ನನ್ನ ಮನೆಯಲ್ಲಿ ನಿಂತಳು. ನಾನು ಗಿರಣಿಗೆ ಹೋಗುತ್ತಿದ್ದೆ, ಬರುತ್ತಿದ್ದೆ. ಹೊಸಪೇಟೆಯ ಮನೆಯ ವಿಷಯ ನೆನಪಿರಲಿಲ್ಲವೆಂದಲ್ಲ, ಆ ಕಡೆ ಹೋಗಲು ಕಾಲು ಏಳಲಿಲ್ಲ. ಮಳೆಗಾಲ ಮುಗಿದ ಮೇಲೆ, ಸ್ಟೇಷನ್ನಿನ ಟಿಕೀಟು ಗುಮಾಸ್ತರೊಬ್ಬರು ಮನೆ ಬಾಡಿಗೆಗೆ ಬೇಕೆಂದು ಹೇಳಿ ಕಳಿಸಿದರು. ಬಾಡಿಗೆ ಬರಲಿ ಎಂದು ಅಕ್ಕನ ಆಸೆ. ನನಗೆ ಆ ದೀಪವನ್ನು ಮನೆಗೆ ತರಬೇಕಾಗಿತ್ತು. ಅವಳ ಸೀರೆಗಳನ್ನು ಅವಳ ತಂಗಿಯರು ಒಯ್ದಿದ್ದರು, ಒಡವೆಗಳು ತವರಿಗೆ ಹೋಗಿದ್ದವು. ಉಳಿದದ್ದು ಅದೊಂದೇ.

ನಾನು ಹೋದಾಗ ಸಂಜೆಯಾಗಿತ್ತು. ಬಾಗಿಲ ಮುಂದೆ ರಂಗೋಲಿ ಇತ್ತು, ಒಳಗಿಂದ ಹೊಗೆ ಬರುತ್ತಿತ್ತು. ತೊಲೆಗೆ ತೊಟ್ಟಿಲು ಕಟ್ಟಿತ್ತು, ಅದರಲ್ಲಿ ಒಂದು ಕೂಸು ಮಲಗಿತ್ತು. ಮೂಲೆಯಲ್ಲಿ ಒಂದು ಕೋಳಿ ಓಡಾಡುತ್ತಿತ್ತು. ಮೂಟೆ ಹೊರುವವನು ಎದ್ದು ಬಂದು ಕೈ ಮುಗಿದ.

"ಬರ್ರಿ ಧಣಿ, ಕುಂದ್ರಿ."

ನಾನು ಕೂತೆ.

ಅವನು ಯಾವುದನ್ನೂ ಮುಚ್ಚಿಡಲಿಲ್ಲ. ಮೊದಲು ದೀಪ ಹಚ್ಚಿ ಹೋಗುತ್ತಿದ್ದನಂತೆ. ಒಂದು ಸಂಜೆ ಮಳೆ ಹಿಡಿಯಿತು, ಹೋಗಲಾಗಲಿಲ್ಲ. ಆಮೇಲೆ ಗಾಳಿ ಜೋರಾಯಿತು, ದೀಪ ಆರದಂತೆ ನೋಡುವವರು ಬೇಕಾಯಿತು.

"ನಾ ಇಲ್ಲೆ ಇದ್ದೆ ಅಂದ ಮ್ಯಾಲ ಉಣ್ಣಾಕ ತರಬೇಕಲ್ರಿ. ನನ್ನ ಹೇಣ್ತಿ, ದಿನಾ ಬುತ್ತಿ ಹೊತ್ತು ಬರೋದ್ಯಾಕ, ಒಲಿನ ಇಲ್ಲೆ ಹೂಡಿದ್ರಾತು ಅಂದ್ಲು. ಹೆಣ್ಮಕ್ಳು ಹೇಳೂದು ಖರೇನ ಇರ್ತೈತಿ."

"ಮನಿ ಬಿಡಬೇಕಪ್ಪಾ" ಎಂದೆ. "ಬಾಡಿಗಿಯವ್ರು ಬರ್ತಾರ."

"ಬಿಡೂನ್ರಿ. ಅವ್ವಾರು ಒಂದ್ ಮಾತು ಹೇಳ್ಲಿ. ಹಚ್ಚು ಅಂದವ್ರು ಅವ್ರು. ಸಾಕು ಅಂತ ಇನ್ನೂ ಅಂದಿಲ್ಲ. ಅವ್ವಾರು ಊರಾಗ ಇಲ್ಲೇನ್ರಿ?"

"ಇಲ್ಲ" ಎಂದೆ.

"ಬಂದ ಮ್ಯಾಲ ಕೇಳ್ತೀನಿ. ಅಲ್ಲಿತನ ನೀವು ಚಿಂತಿ ಮಾಡಬ್ಯಾಡ್ರಿ, ಎಣ್ಣಿ ನಾನ ಹಾಕ್ತೀನಿ."

ಅವನ ಹೆಂಡತಿ ಬಿಸಿ ರೊಟ್ಟಿ, ಪುಂಡಿಪಲ್ಲೆ ತಂದು ಮುಂದಿಟ್ಟಳು. ಉಂಡೆ. ನನ್ನ ಹೆಂಡತಿ ಹೋದ ಮೇಲೆ ಯಾರು ತಾಟು ಇಟ್ಟರೂ ಉಣ್ಣುತ್ತಿದ್ದೆ. ಗೂಡಿನಲ್ಲಿ ದೀಪ ಉರಿಯುತ್ತಿತ್ತು, ನೆಗ್ಗಿದ ತುಟಿ ನಮ್ಮ ಕಡೆಗಿತ್ತು. ಹಚ್ಚಿದ ದೀಪವನ್ನು ಸಂಜೆಯ ಹೊತ್ತು ಯಾರೂ ಯಾರ ಮನೆಯಿಂದಲೂ ಒಯ್ಯುವುದಿಲ್ಲ. ಕೈ ತೊಳೆದುಕೊಂಡು ಕೊನೆಯ ಮೋಟಾರು ಹಿಡಿದೆ.

ಅಕ್ಕ ಹಣೆ ಬಡಿದುಕೊಂಡಳು.

"ಕೋಳಿ ಸಾಕಿದ ಮನ್ಯಾಗ ಉಂಡ್ಯಾ? ಹೋಗ್ಲಿ ಬಿಡು, ಹೊಟ್ಟಿಗೇನು ಗೊತ್ತಾಕ್ಕೈತಿ. ಅವನ ಉಪ್ಪು ಉಂಡ ಮ್ಯಾಲ ಅವನ್ನ ಹೊಂಡು ಅನ್ನಾಕ ಬಾಯಿ ಬರ್ತೈತೇನು?"

ಬಂದಿರಲಿಲ್ಲ. ಅದು ಯಾರ ಮನೆಯ ರೊಟ್ಟಿ ಎನ್ನುವುದೂ ನನಗೆ ಸ್ಪಷ್ಟವಿರಲಿಲ್ಲ. ಗಿರಣಿಗೆ ಬರುವ ವಕೀಲರೊಬ್ಬರನ್ನು ಕೇಳಿದೆ. ದಾವೆ ಹಾಕಬಹುದು, ನಿಮ್ಮ ಮಗನ ಕಾಲಕ್ಕೆ ತೀರ್ಪು ಬರುತ್ತದೆ ಎಂದರು. ನನಗೆ ಮಗನಿಲ್ಲ ಎಂದೆ. ಹಾಗಾದರೆ ದಾವೆ ಬೇಡ ಎಂದರು.

ಕೊನೆಗೆ ಅಕ್ಕನೇ ಹೊರಟಳು. ಇಬ್ಬರೂ ಮಧ್ಯಾಹ್ನಕ್ಕೆ ಮೊದಲೇ ಹೊಸಪೇಟೆ ಮುಟ್ಟಿದೆವು. ಅಕ್ಕ ಹೊಸ್ತಿಲು ದಾಟಲಿಲ್ಲ. ಹೊರಗಿನ ಕಟ್ಟೆಯ ಮೇಲೆ ಸೆರಗು ಹೊದ್ದು ಕೂತಳು. ಮೂಟೆಯವನ ಹೆಂಡತಿ ಚೊಂಬಿನಲ್ಲಿ ನೀರು, ಮೇಲೊಂದು ತುಂಡು ಬೆಲ್ಲ ತಂದಳು.

"ತಗೋರಿ ಅಕ್ಕಾರ, ಬಿಸ್ಲಾಗ ಬಂದೀರಿ."

"ಒಲ್ಲೆವ್ವ."

"ಹಂಗನಬ್ಯಾಡ್ರಿ. ಹೆಣ್ಮಗಳು ಬಾಗ್ಲಾಗ ನೀರಿಲ್ದ ಕುಂತ್ರ ಕೂಸಿಗೆ ಒಳ್ಳೇದಲ್ಲ."

"ಅದಕ್ಕ ಕುಂತೀನಿ. ನನ್ನ ತಮ್ಮ ನಿಮ್ಮ ರೊಟ್ಟಿ ಉಂಡು ಬಾಯಿ ಕಳಕೊಂಡಾನ. ನಾ ಒಂದು ಹನಿ ಮುಟ್ಟೂದಿಲ್ಲ."

ಬಿಸಿಲು ಕಟ್ಟೆಗೆ ಬಂತು. ಅಕ್ಕ ಸರಿಯಲಿಲ್ಲ. ಪಕ್ಕದ ಮನೆಯ ಮುದುಕಿ ಹೊರಗೆ ಬಂದು ಕೂತು ಇಬ್ಬರ ಮುಖವನ್ನೂ ಸರದಿಯಂತೆ ನೋಡಿದಳು. ಮೂಟೆಯವನು ಕೆಲಸ ಬಿಟ್ಟು ಬಂದ. ಚೊಂಬು ತುಂಬಿದ್ದದ್ದು ತುಂಬಿದಂತೆಯೇ ಇರುವುದನ್ನು ನೋಡಿ ಅವನ ಮುಖ ಸಣ್ಣದಾಯಿತು.

"ಯಕ್ಕಾ, ನಾ ಬಿಡಂಗಿಲ್ಲ ಅಂದಿಲ್ರಿ. ಅವ್ವಾರು ಬಂದು ಹೇಳ್ಲಿ ಅಂದೀನಿ. ಧಣ್ಯಾರ್ನ ಕೇಳ್ರಿ ಬೇಕಾರ."

ಅಕ್ಕ ನನ್ನ ಕಡೆ ತಿರುಗಿದಳು.

"ತಮ್ಮಾ, ನೀ ಇವ್ನಿಗೆ ಹೇಳಿಲ್ಲೇನು?"

ನಾನು ಬಾಗಿಲಿನಿಂದ ಒಳಗಿನ ತೊಲೆಯ ಕಡೆ ನೋಡುತ್ತಿದ್ದೆ. ತೊಲೆಗೆ ಗೆದ್ದಲು ಹತ್ತಿರಲಿಲ್ಲ.

"ಆಕಿ ತೀರ್ಕೊಂಡು ಎಷ್ಟೋ ತಿಂಗ್ಳಾತಪ್ಪಾ" ಎಂದಳು ಅಕ್ಕ. "ದೀಪಕ್ಕ ಹೇಳಿ ಹೋದ ಮರುದಿನಾನ ಮಲಗಿದ್ಲು. ಮತ್ತ ಏಳಲಿಲ್ಲ."

ಅವನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಅವನು ಹೆಗಲ ಮೇಲಿನ ಟವಲು ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಹಂಗಾದ್ರ ಅವ್ರ ಮಾತು ಮುಗೀತ್ರಿ" ಎಂದ. "ಇವತ್ತ ಹೊಂಡ್ತೀವಿ. ಸಂಡೂರಾಗ ಗಣಿ ಕೆಲಸಕ್ಕ ನನ್ನ ಭಾವ ಕರ್ಯಾಕತ್ತಿದ್ದ. ಉಳಿದ ಸಾಮಾನು ಆಮ್ಯಾಲ ಬಂದು ಒಯ್ತೀನಿ. ಈಗರ ನೀರು ಕುಡೀರಿ ಅಕ್ಕಾರ."

ಅಕ್ಕ ಚೊಂಬು ಎತ್ತಿ ಅಷ್ಟನ್ನೂ ಕುಡಿದಳು.

ಅವರು ಹೊರಡುವುದನ್ನು ನಿಂತು ನೋಡುವುದು ಬೇಡವೆಂದು ನಾವು ಊರೊಳಗೆ ಅಕ್ಕನ ಬೀಗರ ಮನೆಗೆ ಹೋದೆವು. ರಾತ್ರಿ ಅಲ್ಲೇ ಉಳಿದು ಬೆಳಿಗ್ಗೆ ಬಂದಾಗ ಬಾಗಿಲು ಬರೀ ಮುಂದಕ್ಕೆ ಎಳೆದಿತ್ತು, ಬೀಗ ಹಾಕಿರಲಿಲ್ಲ. ಒಳಗೆ ಬೀಸುವ ಕಲ್ಲು, ತೊಟ್ಟಿಲು, ಜೋಳದ ಚೀಲ, ಮೂಲೆಯಲ್ಲಿ ಬುಟ್ಟಿಯಲ್ಲಿ ಕಾವಿಗೆ ಕೂತ ಕೋಳಿ ಇದ್ದವು. ಗೂಡಿನಲ್ಲಿ ಎಣ್ಣೆಯ ಕಲೆ ಇತ್ತು. ದೀಪ ಇರಲಿಲ್ಲ.

"ಒಯ್ದಾನ" ಎಂದಳು ಅಕ್ಕ. ನಾನೂ ಹಾಗೇ ತಿಳಿದೆ.

ಕಲ್ಲು, ತೊಟ್ಟಿಲು, ಚೀಲ ಇವನ್ನೆಲ್ಲ ಹಿತ್ತಲಿಗೆ ಸಾಗಿಸಿದೆ. ಕೋಳಿ ಒಪ್ಪಲಿಲ್ಲ. ನಮ್ಮ ಮನೆತನದಲ್ಲಿ ಯಾರೂ ಕೋಳಿ ಮುಟ್ಟಿದವರಲ್ಲ. ಬುಟ್ಟಿಯ ಹತ್ತಿರ ಕೈ ಒಯ್ದರೆ ಅದು ಮೈ ಉಬ್ಬಿಸಿ ಕುಕ್ಕಲು ಬರುತ್ತಿತ್ತು. ಪಕ್ಕದ ಮುದುಕಿಯನ್ನು ಕರೆದೆ.

"ಕಾವಿಗೆ ಕುಂತದ್ದನ್ನ ಎಬ್ಬಿಸ್ತಾರೇನೋ ಯಪ್ಪಾ? ಬಾಣಂತಿನ ಹೊರಗ ಹಾಕಿದಂಗ" ಎಂದಳು.

ಅಕ್ಕ ಕಂಪ್ಲಿಗೆ ಹೋದಳು. ಟಿಕೀಟು ಗುಮಾಸ್ತರಿಗೆ, ಮನೆಯಲ್ಲಿ ಇನ್ನೂ ಒಬ್ಬರು ಇದ್ದಾರೆ, ಮರಿ ಆದ ಮೇಲೆ ಬಿಡುತ್ತಾರೆ ಎಂದು ತಿಳಿಸಿದೆ. ಅವರು ಓದಿದವರು, ಹೆಚ್ಚಿಗೆ ಕೇಳಲಿಲ್ಲ. ಗಿರಣಿಗೆ ರಜೆ ಹೇಳಿ ನಾನು ಅಲ್ಲೇ ಉಳಿದೆ. ಬಾಡಿಗೆಗೆಂದು ಕೊಂಡ ಮನೆಯಲ್ಲಿ ಮೊದಲ ಸಲ ಮಲಗಿದ್ದು ಆಗಲೇ. ಕೋಳಿಗೆ ಜೋಳ ಹಾಕುತ್ತಿದ್ದೆ, ತೆಂಗಿನ ಪರಟೆಯಲ್ಲಿ ನೀರು ಇಡುತ್ತಿದ್ದೆ. ಸಂಜೆಗೆ ಮುದುಕಿಯ ಮನೆಯಿಂದ ಲಾಟೀನು ತಂದು ಗೂಡಿನಲ್ಲಿಡಲು ನೋಡಿದೆ. ಲಾಟೀನು ಗೂಡಿಗಿಂತ ಎತ್ತರವಿತ್ತು. ನೆಲದ ಮೇಲಿಟ್ಟೆ.

ಮರಿಗಳಾದವು. ಅವು ಗಟ್ಟಿಯಾಗುವತನಕ ಕಾದೆ. ಅವನು ಸಾಮಾನು ಒಯ್ಯಲು ಬರಲಿಲ್ಲ. ಒಂದು ಎತ್ತಿನ ಗಾಡಿ ಮಾಡಿ, ಅವನದೆಲ್ಲವನ್ನೂ ಹೇರಿಸಿ, ಕೋಳಿಯ ಬುಟ್ಟಿಗೆ ಬಟ್ಟೆ ಕಟ್ಟಿ ಸಂಡೂರಿಗೆ ಹೊರಟೆ. ಸಾಮಾನು ಕೊಟ್ಟು ದೀಪ ಕೇಳುವುದೆಂದು ಇದ್ದೆ. ಸಂಡೂರು ನಮ್ಮ ಮದ್ರಾಸು ಸರ್ಕಾರಕ್ಕೆ ಸೇರಿದ್ದಲ್ಲ, ಬೇರೆ ಸಂಸ್ಥಾನ. ಗಡಿಯ ನಾಕಾದಲ್ಲಿ ಕಾವಲುಗಾರ ಗಾಡಿ ನಿಲ್ಲಿಸಿದ.

"ಯಾರ ಸಾಮಾನು?"

"ನನ್ನ ಮನಿ ಹಿಡಕೊಂಡು ಕುಂತಿದ್ದವಂದು."

"ಬಿಟ್ಟನಾ?"

"ಬಿಟ್ಟ."

"ಬಿಟ್ಟವನ ಕೋಳಿ ಹೊತ್ತು ತರಾಕತ್ತಿಯಾ?" ಎಂದು ಅವನು ಒಳಗಿದ್ದ ಇನ್ನೊಬ್ಬನನ್ನು ಕರೆದ. "ಲೇ, ಬಾರಲೇ ಇಲ್ಲಿ, ಈ ಮನಷ್ಯಾನ್ನ ನೋಡು."

ಇಬ್ಬರೂ ನನ್ನನ್ನು ನೋಡಿ ಗಾಡಿ ಬಿಟ್ಟರು.

ಗಣಿಯ ಗುಡ್ಡದ ಕೆಳಗೆ ಕೆಂಪು ಧೂಳಿನಲ್ಲಿ ಗುಡಿಸಲುಗಳ ಸಾಲಿತ್ತು. ವಿಚಾರಿಸಿಕೊಂಡು ಹೋದೆ. ಅವನು ಗಾಡಿ ನೋಡಿ ಓಡಿ ಬಂದ. ಗಣಿಯವರು ಇನ್ನೂ ರಜೆ ಕೊಟ್ಟಿಲ್ಲವೆಂದ. ಅವನ ಹೆಂಡತಿ ಬುಟ್ಟಿಯ ಬಟ್ಟೆ ಬಿಚ್ಚಿ ಮರಿಗಳನ್ನು ಒಂದೊಂದಾಗಿ ಮಡಿಲಿಗೆ ಹಾಕಿಕೊಂಡಳು.

"ನೀವ ಮೇಯಿಸಿದ್ರಾ ಅಣ್ಣಾರ?"

"ಹೂಂ. ದೀಪ ಎಲ್ಲೈತಿ?" ಎಂದೆ.

ಗಂಡಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಗೂಡಿನಾಗ ಇಟ್ಟು ಬಂದ್ವಲ್ರಿ" ಎಂದ ಅವನು. "ಹೊಂಡೂವಾಗ ಕತ್ತಲಾಗಿತ್ತು. ಅವ್ವಾರ ಮನಿ ಕತ್ತಲ ಮಾಡಿ ಹೆಂಗ ಬರೂದು? ಎಣ್ಣಿ ತುಂಬಿಸಿ, ಹಚ್ಚಿ, ಬೀಗದ ಕೈ ದೀಪದ ಬುಡಕ ಇಟ್ಟು, ಬಾಗ್ಲ ಎಳಕೊಂಡು ಬಂದ್ವಿ. ನಿಮಗ ಸಿಗಲಿ ಅಂತ."

ಬೀಗದ ಕೈಯೂ ನಮಗೆ ಸಿಕ್ಕಿರಲಿಲ್ಲ. ಸ್ಟೇಷನ್ನಿಗೆ ಹೋಗುವ ಬರುವ ದಾರಿ ಅದು. ಬೀಗವಿಲ್ಲದ ಬಾಗಿಲ ಸಂದಿನಲ್ಲಿ ಬೆಳಕು ಕಂಡವರು ಯಾರು ಬೇಕಾದರೂ ಒಳಗೆ ಹೋಗಿರಬಹುದು. ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನ ಹೆಂಡತಿ ರೊಟ್ಟಿ ಇಟ್ಟಳು, ಉಂಡೆ. ಈ ಸಲ ಅದು ಅವನದೇ ಮನೆ ಎನ್ನುವುದರಲ್ಲಿ ಸಂಶಯವಿರಲಿಲ್ಲ.

"ಅವ್ವಾರು ಭಾಳ ಒಳ್ಳೇವ್ರಿದ್ರು" ಎಂದ ಅವನು, ಗಾಡಿ ಹೊರಡುವಾಗ. ಅವನು ಅವಳನ್ನು ನೋಡಿದ್ದು ಅದೊಂದು ಸಲ.

ಹೊಸಪೇಟೆಯ ಪಾತ್ರೆ ಅಂಗಡಿಗಳಲ್ಲೆಲ್ಲ ಕೇಳಿದೆ. ಹಳೆ ಹಿತ್ತಾಳೆ ಕೊಳ್ಳುವವರು ರಾಶಿ ತೋರಿಸಿ, ಇದರಲ್ಲಿ ಹುಡುಕಿಕೊಳ್ಳಿ ಎಂದರು. ತುಟಿ ನೆಗ್ಗಿದವು ಬೇಕಾದಷ್ಟಿದ್ದವು. ಅವಳದು ಇರಲಿಲ್ಲ. ಟಿಕೀಟು ಗುಮಾಸ್ತರು ಮನೆಗೆ ಬಂದರು, ಬಾಡಿಗೆ ತಪ್ಪಿಸುವುದಿಲ್ಲ. ಗೂಡಿನಲ್ಲಿ ಕ್ಷೌರದ ಕನ್ನಡಿ ಇಟ್ಟುಕೊಂಡಿದ್ದಾರೆ. ಗೋಡೆಗಳಿಗೆ ಮತ್ತೆ ಸುಣ್ಣ ಹೊಡೆಸಿದೆ, ಈ ಸಲ ದಪ್ಪಗೆ. ದೀಪ ಇನ್ನೂ ಸಿಕ್ಕಿಲ್ಲ.